ಓದುಗ ಅದೇ ಸಾಲಿಗೆ ತಲುಪುವಂತೆ: ಕನ್ನಡ ಸಂಶೋಧನ ಬರಹದಲ್ಲಿ ಆಕರಗಳನ್ನು ಉಲ್ಲೇಖಿಸುವ ಕ್ರಮ

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ, ಆ ಮೂರ್ತಿಯನ್ನು ಚಾವುಂಡರಾಯ ಮಾಡಿಸಿದನೆಂದು ಹೇಳುವ ಪುಟ್ಟ ಶಾಸನವೊಂದಿದೆ. ಬಿ. ಎಲ್. ರೈಸ್ ಅವರು ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ (ಎ.ಕ.) ಎರಡನೆಯ ಸಂಪುಟವನ್ನು 1889ರಲ್ಲಿ ಪ್ರಕಟಿಸಿದಾಗ ಅದಕ್ಕೆ 75ನೆಯ ಸಂಖ್ಯೆಯನ್ನು ಕೊಟ್ಟಿದ್ದರು. ಆ ಸಂಪುಟದಲ್ಲಿ ಇದ್ದದ್ದು 144 ಶಾಸನಗಳು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ 500 ಶಾಸನಗಳಿಗೆ ಹಿಗ್ಗಿಸಿದಾಗ ಅದೇ ಶಾಸನ 175ನೆಯದಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ 573 ಶಾಸನಗಳ ಹೊಸ ಸಂಪುಟವನ್ನು ತಂದಾಗ ಅದು 272ನೆಯದಾಯಿತು. ಕಲ್ಲು ಕದಲಲಿಲ್ಲ, ಅಕ್ಷರ ಬದಲಾಗಲಿಲ್ಲ. ಅದರ ವಿಳಾಸ ಮಾತ್ರ ಎರಡು ಸಲ ಬದಲಾಯಿತು. ಹೀಗಿರುವಾಗ ಒಬ್ಬ ಸಂಶೋಧಕ ತನ್ನ ಮಹಾಪ್ರಬಂಧದಲ್ಲಿ ‘ಎ.ಕ. 2, ಶ್ರವಣಬೆಳಗೊಳ 175’ ಎಂದಷ್ಟೇ ಬರೆದು ಯಾವ ಆವೃತ್ತಿಯೆಂದು ಹೇಳದಿದ್ದರೆ, 1973ರ ಸಂಪುಟವನ್ನು ತೆರೆದ ಓದುಗನಿಗೆ ಸಿಗುವುದು ಬೇರೆಯೇ ಶಾಸನ.

ವಿದ್ಯಾರ್ಥಿಯಾಗಿದ್ದಾಗ ನಾನೂ ಇಂಥದೊಂದು ಸಂಖ್ಯೆಯನ್ನು ಬೇರೊಬ್ಬರ ಅಡಿಟಿಪ್ಪಣಿಯಿಂದ ಹಾಗೆಯೇ ಎತ್ತಿಕೊಂಡು, ಮೂಲವನ್ನು ನೋಡದೆ ನನ್ನ ಲೇಖನಕ್ಕೆ ಸೇರಿಸಿದ್ದೆ. ಅದು ತಪ್ಪೆಂದು ತಿಳಿದದ್ದು ಲೇಖನ ಅಚ್ಚಾದ ಮೇಲೆ. ಆ ದಿನದಿಂದ ನಾನು ಹಿಡಿದುಕೊಂಡು ಬಂದಿರುವ ತತ್ತ್ವ ಒಂದೇ: ಉಲ್ಲೇಖವೆಂದರೆ ವಿಳಾಸ. ನಾನು ಯಾವ ಪುಟದ ಯಾವ ಸಾಲನ್ನು ನೋಡಿ ಈ ಮಾತನ್ನು ಬರೆದೆನೋ ಅದೇ ಸಾಲಿಗೆ ಓದುಗನೂ ತಾನಾಗಿ ತಲುಪುವಂತಿರಬೇಕು. ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ ಎಂಬ ನಿಯಮಗಳೆಲ್ಲ ಆ ಗುರಿಗೆ ಸಾಧನಗಳು. ಕನ್ನಡದಲ್ಲಿ ಪ್ರಬಂಧ ಬರೆಯುವವರಿಗೆ ಇಂಗ್ಲಿಷಿನ ಕೈಪಿಡಿಗಳು ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತವೆ. ಹಳಗನ್ನಡ ಕಾವ್ಯ, ವಚನ, ಶಾಸನ, ಓಲೆಗರಿ, ಊರಿನ ಹೆಸರೇ ಮೊದಲಕ್ಷರವಾಗಿರುವ ಲೇಖಕರು, ‘ಮುದ್ರಣ’ ಮತ್ತು ‘ಆವೃತ್ತಿ’ಗಳನ್ನು ಒಂದೇ ಎಂಬಂತೆ ಬಳಸುವ ಪ್ರಕಾಶಕರು, ಇವೆಲ್ಲಕ್ಕೂ ನಮ್ಮದೇ ಕ್ರಮ ಬೇಕಾಗುತ್ತದೆ. ಆ ಕ್ರಮವನ್ನು ಕೆಲಸ ನಡೆಯುವ ಅನುಕ್ರಮದಲ್ಲಿಯೇ ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಓದುವಾಗಲೇ ಬರೆದಿಟ್ಟುಕೊಳ್ಳುವುದು

ಗ್ರಂಥಸೂಚಿಯನ್ನು ಕೊನೆಯ ತಿಂಗಳಲ್ಲಿ ಮಾಡಿದರಾಯಿತು ಎಂದುಕೊಂಡವರು ಆ ತಿಂಗಳಿಡೀ ಗ್ರಂಥಾಲಯಗಳಿಗೆ ಮತ್ತೆ ಅಲೆಯುತ್ತಾರೆ. ಪುಸ್ತಕ ಕೈಗೆ ಬಂದ ಕೂಡಲೇ, ಮೊದಲ ವಾಕ್ಯವನ್ನು ಓದುವ ಮುನ್ನವೇ, ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ನೋಡಿ ಲೇಖಕರ ಹೆಸರು, ಸಂಪಾದಕರು ಅಥವಾ ಅನುವಾದಕರಿದ್ದರೆ ಅವರ ಹೆಸರು, ಕೃತಿಯ ಪೂರ್ಣ ಶೀರ್ಷಿಕೆ ಮತ್ತು ಉಪಶೀರ್ಷಿಕೆ, ಮೊದಲ ಪ್ರಕಟಣೆಯ ವರ್ಷ, ಕೈಯಲ್ಲಿರುವ ಪ್ರತಿಯ ವರ್ಷ, ಪ್ರಕಾಶಕರು ಮತ್ತು ಊರು ಇವಿಷ್ಟನ್ನು ಬರೆದುಕೊಳ್ಳಬೇಕು. ಫೋನಿನಲ್ಲಿ ಆ ಎರಡು ಪುಟಗಳ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಮುಖಪುಟವನ್ನು ನಂಬಬಾರದು, ಅಲ್ಲಿ ಉಪಶೀರ್ಷಿಕೆ ಇರುವುದಿಲ್ಲ, ಎಷ್ಟೋ ಸಲ ಸಂಪಾದಕರ ಹೆಸರೂ ಇರುವುದಿಲ್ಲ.

ಟಿಪ್ಪಣಿ ಮಾಡಿಕೊಳ್ಳುವಾಗ ಮೂರು ಬಗೆಯ ಮಾತುಗಳು ಒಂದರೊಳಗೊಂದು ಬೆರೆಯದಂತೆ ನೋಡಿಕೊಳ್ಳಬೇಕು: ಲೇಖಕರ ಮಾತು ಇದ್ದ ಹಾಗೆಯೇ, ಲೇಖಕರ ಮಾತಿನ ಸಾರ ನಿಮ್ಮ ನುಡಿಯಲ್ಲಿ, ಮತ್ತು ಅದನ್ನು ಓದುತ್ತ ನಿಮಗೆ ಹೊಳೆದದ್ದು. ಮೊದಲನೆಯದಕ್ಕೆ ಉದ್ಧರಣ ಚಿಹ್ನೆ ಹಾಕಿ, ಎರಡನೆಯದಕ್ಕೆ ‘ಸಾರ’ ಎಂದು ಬರೆದು, ಮೂರನೆಯದಕ್ಕೆ ‘ನನ್ನದು’ ಎಂದು ಗುರುತು ಹಾಕುವ ಅಭ್ಯಾಸ ಬೆಳೆಸಿಕೊಂಡರೆ ಸಾಕು. ಕೃತಿಚೌರ್ಯವೆಂದು ಬೊಟ್ಟು ಮಾಡಿಸಿಕೊಂಡ ಪ್ರಬಂಧಗಳಲ್ಲಿ ನಾನು ಕಂಡ ಬಹುಪಾಲು ಸಂದರ್ಭಗಳು ಕದಿಯುವ ಉದ್ದೇಶದಿಂದ ಆದವಲ್ಲ. ಎರಡು ವರ್ಷದ ಹಿಂದಿನ ನೋಟುಪುಸ್ತಕದಲ್ಲಿ ಚಿಹ್ನೆಯಿಲ್ಲದೆ ಬರೆದಿಟ್ಟ ಇನ್ನೊಬ್ಬರ ವಾಕ್ಯವನ್ನು ತನ್ನದೇ ವಾಕ್ಯವೆಂದು ಭಾವಿಸಿದ್ದರಿಂದ ಆದವು. ಪುಟಸಂಖ್ಯೆಯನ್ನು ಮೂರೂ ಬಗೆಗೆ ತಪ್ಪದೆ ಬರೆಯಬೇಕು, ಸಾರಕ್ಕೂ ಸಹ.

ಎರಡನೆಯ ಹೆಜ್ಜೆ: ಒಂದು ಪದ್ಧತಿಯನ್ನು ಆರಿಸಿಕೊಳ್ಳುವುದು

ಜಗತ್ತಿನಲ್ಲಿ ಬಳಕೆಯಲ್ಲಿರುವ ಪದ್ಧತಿಗಳು ಮುಖ್ಯವಾಗಿ ಎರಡು ಕುಲಕ್ಕೆ ಸೇರುತ್ತವೆ. ಒಂದರಲ್ಲಿ ಬರಹದ ನಡುವೆಯೇ ಆವರಣದಲ್ಲಿ ಲೇಖಕರ ಹೆಸರನ್ನೂ ವರ್ಷವನ್ನೋ ಪುಟವನ್ನೋ ಕೊಟ್ಟು, ಪೂರ್ಣ ವಿವರವನ್ನು ಕೊನೆಯ ಗ್ರಂಥಸೂಚಿಯಲ್ಲಿ ಇಡಲಾಗುತ್ತದೆ. ಇನ್ನೊಂದರಲ್ಲಿ ವಾಕ್ಯದ ಮೇಲೆ ಸಣ್ಣ ಅಂಕಿಯೊಂದನ್ನು ಇಟ್ಟು, ವಿವರವನ್ನು ಅಡಿಟಿಪ್ಪಣಿಯಲ್ಲಿ ಅಥವಾ ಅಧ್ಯಾಯದ ಕೊನೆಯ ಟಿಪ್ಪಣಿಯಲ್ಲಿ ಕೊಡಲಾಗುತ್ತದೆ. ಸಮಾಜವಿಜ್ಞಾನಗಳಲ್ಲಿ ಹೆಚ್ಚಾಗಿ ಕಾಣುವ ಎಪಿಎ ಪದ್ಧತಿ 1929ರಲ್ಲಿ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಏಳು ಪುಟಗಳ ಸೂಚನೆಯಾಗಿ ಹುಟ್ಟಿ, ಈಗ ಏಳನೆಯ ಆವೃತ್ತಿಯ ದಪ್ಪ ಕೈಪಿಡಿಯಾಗಿದೆ. ಸಾಹಿತ್ಯ ವಿಭಾಗಗಳು ಬಳಸುವ ಎಂಎಲ್‌ಎ ಕೈಪಿಡಿಯ ಒಂಬತ್ತನೆಯ ಆವೃತ್ತಿ 2021ರಲ್ಲಿ ಬಂದಿತು. 1906ರಲ್ಲಿ ಮೊದಲು ಪ್ರಕಟವಾದ ಷಿಕಾಗೊ ಕೈಪಿಡಿ ಎರಡೂ ಕುಲಗಳಿಗೆ ನಿಯಮಗಳನ್ನು ಕೊಡುತ್ತದೆ. ಇತಿಹಾಸಕಾರರು ಅದರ ಟಿಪ್ಪಣಿ ಪದ್ಧತಿಯನ್ನೇ ಹೆಚ್ಚು ಮೆಚ್ಚುತ್ತಾರೆ.

ನಿಮ್ಮ ವಿಶ್ವವಿದ್ಯಾಲಯ ಅಥವಾ ಪತ್ರಿಕೆ ಇದೇ ಪದ್ಧತಿ ಎಂದು ಗೊತ್ತುಪಡಿಸಿದ್ದರೆ ಚರ್ಚೆಗೆ ಎಡೆಯಿಲ್ಲ, ಅದನ್ನೇ ಅನುಸರಿಸಬೇಕು. ಆಯ್ಕೆ ನಿಮ್ಮದಾಗಿದ್ದರೆ ನನ್ನ ಸಲಹೆ ಹೀಗಿದೆ: ಆಧುನಿಕ ವಿಮರ್ಶೆ, ಭಾಷಾವಿಜ್ಞಾನ, ಜಾನಪದ ಇವುಗಳಿಗೆ ಲೇಖಕ-ವರ್ಷ-ಪುಟ ಕ್ರಮ ಸುಲಭ, ಶಾಸನ, ಹಸ್ತಪ್ರತಿ, ಪತ್ರಾಗಾರಗಳ ದಾಖಲೆ ಹೆಚ್ಚಾಗಿರುವ ಇತಿಹಾಸದ ಬರಹಕ್ಕೆ ಅಡಿಟಿಪ್ಪಣಿಯೇ ಸರಿ, ಏಕೆಂದರೆ ಅಂಥ ಆಕರಗಳ ವಿವರ ಆವರಣದೊಳಗೆ ಹಿಡಿಸುವುದಿಲ್ಲ. ಟಿಪ್ಪಣಿಗಳನ್ನು ಅಧ್ಯಾಯದ ಕೊನೆಗೆ ಒಟ್ಟುಹಾಕುವ ರೂಢಿ ಕನ್ನಡ ಪ್ರಬಂಧಗಳಲ್ಲಿ ವ್ಯಾಪಕವಾಗಿದೆ. ಬೆರಳಚ್ಚಿನ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು. ಈಗ ಪ್ರತಿ ಪುಟದ ಅಡಿಯಲ್ಲೇ ಟಿಪ್ಪಣಿ ಇಡುವುದು ಕಂಪ್ಯೂಟರಿಗೆ ಯಾವ ಕಷ್ಟವೂ ಅಲ್ಲವಾದ್ದರಿಂದ, ಓದುಗನನ್ನು ಹಿಂದೆ ಮುಂದೆ ಪುಟ ತಿರುವಿಸುವುದು ಬೇಡ.

ಯಾವುದನ್ನೇ ಆರಿಸಿಕೊಂಡರೂ ಮೊದಲ ಅಧ್ಯಾಯದಿಂದ ಕೊನೆಯ ಅಧ್ಯಾಯದವರೆಗೆ ಅದೊಂದೇ ಇರಬೇಕು. ಅಂಕಿಗಳೂ ಹಾಗೆಯೇ: ಕನ್ನಡ ಅಂಕಿ ಬಳಸುವುದಾದರೆ ಪುಟ, ವರ್ಷ, ಪದ್ಯಸಂಖ್ಯೆ ಎಲ್ಲೆಡೆ ಕನ್ನಡ ಅಂಕಿ, ಇಲ್ಲವಾದರೆ ಎಲ್ಲೆಡೆ ಇಂಗ್ಲಿಷ್ ಅಂಕಿ.

ಮೂರನೆಯ ಹೆಜ್ಜೆ: ಬರಹದೊಳಗೆ ಗುರುತು ಇಡುವುದು

ಲೇಖಕ-ವರ್ಷ ಕ್ರಮದಲ್ಲಿ ಗುರುತಿನ ರೂಪ (ಲೇಖಕ ವರ್ಷ: ಪುಟ) ಎಂದಿರುತ್ತದೆ. ವಾಕ್ಯದಲ್ಲಿಯೇ ಲೇಖಕರ ಹೆಸರು ಬಂದಿದ್ದರೆ ಆವರಣದಲ್ಲಿ ಅದನ್ನು ಮತ್ತೆ ಬರೆಯುವ ಅಗತ್ಯವಿಲ್ಲ; ವರ್ಷ ಮತ್ತು ಪುಟ ಸಾಕು. ಒಬ್ಬರೇ ಲೇಖಕರ ಒಂದೇ ವರ್ಷದ ಎರಡು ಕೃತಿಗಳಿದ್ದರೆ 1967ಅ, 1967ಆ ಎಂದು ಬೇರ್ಪಡಿಸಿ, ಗ್ರಂಥಸೂಚಿಯಲ್ಲಿಯೂ ಅದೇ ಅಕ್ಷರಗಳನ್ನು ಇಡಬೇಕು. ಪುಟಸಂಖ್ಯೆಯನ್ನು ಬಿಟ್ಟು ಬರಿಯ ವರ್ಷ ಕೊಡುವ ಅಭ್ಯಾಸ ವಿಜ್ಞಾನ ಲೇಖನಗಳಿಂದ ಬಂದದ್ದು. ಅಲ್ಲಿ ಇಡೀ ಲೇಖನದ ಫಲಿತಾಂಶವನ್ನು ಉಲ್ಲೇಖಿಸುವುದರಿಂದ ಅದು ನಡೆಯುತ್ತದೆ. ನಾನೂರು ಪುಟಗಳ ಸಾಹಿತ್ಯ ಚರಿತ್ರೆಯನ್ನು ಉಲ್ಲೇಖಿಸುವಾಗ ಪುಟ ಕೊಡದಿರುವುದು, ಊರಿನ ಹೆಸರು ಹೇಳಿ ಮನೆಯ ಗುರುತು ಹೇಳದೆ ಅತಿಥಿಯನ್ನು ಕರೆದಂತೆ.

ಅಡಿಟಿಪ್ಪಣಿ ಕ್ರಮದಲ್ಲಿ ಒಂದು ಕೃತಿ ಮೊದಲ ಸಲ ಬಂದಾಗ ಪೂರ್ಣ ವಿವರವನ್ನೂ ಮುಂದಿನ ಸಲಗಳಲ್ಲಿ ಲೇಖಕರ ಹೆಸರು, ಕೃತಿಯ ಚಿಕ್ಕ ಹೆಸರು ಮತ್ತು ಪುಟವನ್ನೂ ಕೊಡಬೇಕು. ಹಿಂದಿನವರು ‘ಅದೇ’ ಮತ್ತು ‘ಪೂರ್ವೋಕ್ತ’ ಎಂಬ ಪದಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಕಂಪ್ಯೂಟರಿನಲ್ಲಿ ಪ್ಯಾರಾಗಳನ್ನು ಎತ್ತಿ ಬೇರೆಡೆ ಇಡುವುದು ದಿನನಿತ್ಯದ ಕೆಲಸವಾಗಿರುವುದರಿಂದ ಈ ಪದಗಳು ಈಗ ಅಪಾಯಕಾರಿ: ನಡುವೆ ಒಂದು ಹೊಸ ಟಿಪ್ಪಣಿ ಸೇರಿದ ಕೂಡಲೇ ‘ಅದೇ’ ಎನ್ನುವುದು ಬೇರೆ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ನಾನು ಈ ಎರಡನ್ನೂ ಬಿಟ್ಟುಬಿಡಿ ಎಂದೇ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಮೂಲವನ್ನು ನೀವು ನೋಡಿಲ್ಲದೆ ಇನ್ನೊಬ್ಬರ ಪುಸ್ತಕದಲ್ಲಿ ಉದ್ಧರಿಸಿದ್ದನ್ನು ಕಂಡಿದ್ದರೆ, ಅದನ್ನು ಹಾಗೆಯೇ ಹೇಳಬೇಕು. ‘ಇಂಥವರ ಮಾತು, ಇಂಥವರ ಕೃತಿಯಲ್ಲಿ ಉದ್ಧೃತ’ ಎಂದು ಬರೆದು, ಗ್ರಂಥಸೂಚಿಯಲ್ಲಿ ನೀವು ಕಣ್ಣಾರೆ ಕಂಡ ಪುಸ್ತಕವನ್ನಷ್ಟೇ ಸೇರಿಸಬೇಕು. ಇದರಿಂದ ನಿಮ್ಮ ಪಾಂಡಿತ್ಯ ಕಡಿಮೆಯಾದಂತೆ ಕಾಣುತ್ತದೆಂದು ಅಂಜುವವರಿದ್ದಾರೆ. ನೋಡದ ಮೂಲವನ್ನು ನೋಡಿದಂತೆ ಬರೆದರೆ, ನಡುವಿನವರು ಮಾಡಿದ ತಪ್ಪಿನ ಹೊಣೆಯನ್ನೂ ನೀವೇ ಹೊರುತ್ತೀರಿ.

ನಾಲ್ಕನೆಯ ಹೆಜ್ಜೆ: ಕಾವ್ಯ, ವಚನ, ಶಾಸನ, ಓಲೆಗರಿ

ಹಳೆಯ ಕೃತಿಗಳನ್ನು ಪುಟಸಂಖ್ಯೆಯಿಂದಲ್ಲ, ಕೃತಿಯ ಒಳವಿಭಾಗದಿಂದ ಉಲ್ಲೇಖಿಸಬೇಕು. ಪುಟ ಪ್ರತಿ ಮುದ್ರಣಕ್ಕೂ ಬದಲಾಗುತ್ತದೆ, ಆಶ್ವಾಸವೂ ಸಂಧಿಯೂ ಬದಲಾಗುವುದಿಲ್ಲ. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನ ಭಾರತಕ್ಕೆ ಪರ್ವ, ಸಂಧಿ ಮತ್ತು ಪದ್ಯ, ಕವಿರಾಜಮಾರ್ಗಕ್ಕೆ ಪರಿಚ್ಛೇದ ಮತ್ತು ಪದ್ಯ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಇತ್ತೆಂದು ಹೇಳುವ ಪ್ರಸಿದ್ಧ ಪದ್ಯವನ್ನು (ಕವಿರಾಜಮಾರ್ಗ 1-36) ಎಂದು ಬರೆದರೆ, ಯಾವ ಸಂಪಾದಕರ ಪ್ರತಿ ಕೈಗೆ ಸಿಕ್ಕರೂ ಓದುಗ ಅಲ್ಲಿಗೆ ಅಥವಾ ಅದರ ಒಂದೆರಡು ಪದ್ಯಗಳ ಆಸುಪಾಸಿಗೆ ತಲುಪುತ್ತಾನೆ. ಈ ‘ಆಸುಪಾಸು’ ಏಕೆಂದರೆ ಸಂಪಾದಕರು ಪ್ರಕ್ಷಿಪ್ತವೆಂದು, ಅಂದರೆ ಆಮೇಲೆ ಬೇರೆಯವರು ಸೇರಿಸಿದ್ದೆಂದು, ಬಿಡುವ ಅಥವಾ ಬೇರೆ ಹಸ್ತಪ್ರತಿಯಿಂದ ಸೇರಿಸುವ ಪದ್ಯಗಳಿಂದ ಸಂಖ್ಯೆ ಅಲ್ಲಲ್ಲಿ ಸರಿಯುತ್ತದೆ. ಆದ್ದರಿಂದ ಗ್ರಂಥಸೂಚಿಯಲ್ಲಿ ನೀವು ಬಳಸಿದ ಆವೃತ್ತಿಯ ಸಂಪಾದಕರನ್ನು ಹೆಸರಿಸುವುದು ಕಡ್ಡಾಯ. ಪಾಠಾಂತರವನ್ನು ಚರ್ಚಿಸುವ ಪ್ರಬಂಧವಾದರೆ ಸಂಪಾದಕರ ಹೆಸರು ಬರಹದ ಗುರುತಿನಲ್ಲಿಯೇ ಇರಬೇಕು. ಗದ್ಯಭಾಗಕ್ಕೆ ಪದ್ಯಸಂಖ್ಯೆಯಿರುವುದಿಲ್ಲ, ‘4ನೆಯ ಆಶ್ವಾಸ, 30ನೆಯ ಪದ್ಯದ ಮುಂದಿನ ವಚನ’ (ಇಲ್ಲಿ ವಚನವೆಂದರೆ ಗದ್ಯ) ಎಂಬಂತೆ ಬರೆಯುವುದು ನಮ್ಮ ಹಿರಿಯ ಸಂಪಾದಕರು ಬಳಸಿದ ರೀತಿ, ಅದು ಈಗಲೂ ಸರಿಯಾಗಿದೆ.

ವಚನಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವಚನಕ್ಕೆ ಆಶ್ವಾಸವೂ ಇಲ್ಲ, ಸಂಧಿಯೂ ಇಲ್ಲ. ಅದರ ಸಂಖ್ಯೆ ಪೂರ್ತಿಯಾಗಿ ಸಂಪಾದಕರು ಜೋಡಿಸಿದ ಕ್ರಮವನ್ನು ಅವಲಂಬಿಸಿದೆ. ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ಸಂಕಲನದ ಸಂಖ್ಯೆಗೂ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದ ಸಂಖ್ಯೆಗೂ ಸಂಬಂಧವಿಲ್ಲ. ಇಂದಿನ ಬರಹಕ್ಕೆ ಸಮಗ್ರ ವಚನ ಸಂಪುಟವನ್ನೇ ಆಧಾರವಾಗಿಟ್ಟುಕೊಂಡು (ಸಮಗ್ರ ವಚನ ಸಂಪುಟ 1, ವಚನ ಸಂಖ್ಯೆ ಇಷ್ಟು) ಎಂದು ಬರೆಯುವುದು ಒಳ್ಳೆಯದು. ಜೊತೆಗೆ ವಚನದ ಮೊದಲ ಸಾಲನ್ನು ಉಲ್ಲೇಖದಲ್ಲಿ ಸೇರಿಸಿ. ಸಂಖ್ಯೆ ತಪ್ಪಿದರೂ ಮೊದಲ ಸಾಲಿನ ಅಕಾರಾದಿ ಸೂಚಿಯಿಂದ ಓದುಗ ಅದನ್ನು ಹುಡುಕಬಲ್ಲ. ಅಂಕಿತವನ್ನು ನೋಡಿ ವಚನಕಾರರನ್ನು ಊಹಿಸಿ ಬರೆಯುವುದು ಬೇಡ. ಒಂದೇ ವಚನ ಬೇರೆ ಬೇರೆ ಅಂಕಿತಗಳಲ್ಲಿ ದೊರೆಯುವುದುಂಟು, ಆಗ ಯಾವ ಸಂಪುಟ ಅದನ್ನು ಯಾರ ಹೆಸರಿನಲ್ಲಿ ಕೊಟ್ಟಿದೆ ಎಂಬುದೇ ನಿಮ್ಮ ಆಧಾರ.

ಶಾಸನಗಳಿಗೆ ಬೇಕಾದದ್ದು ಸಂಪುಟಮಾಲೆಯ ಹೆಸರು, ಸಂಪುಟ, ಆವೃತ್ತಿ, ತಾಲ್ಲೂಕಿನ ಹೆಸರು, ಸಂಖ್ಯೆ ಮತ್ತು ಸಾಲು. ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಮಾಲೆಯಲ್ಲಿ 3 ಮತ್ತು 4ನೆಯ ಸಂಪುಟಗಳು ಮೈಸೂರು ಜಿಲ್ಲೆಗೆ, 5 ಹಾಸನಕ್ಕೆ, 7 ಮತ್ತು 8 ಶಿವಮೊಗ್ಗಕ್ಕೆ ಸೇರಿದ್ದವು. 1972ರಿಂದ ಹೊರಬರತೊಡಗಿದ ಪರಿಷ್ಕೃತ ಮಾಲೆಯಲ್ಲಿ ಈ ಹಂಚಿಕೆಯೇ ಬೇರೆ. ಆದ್ದರಿಂದ ‘ಎ.ಕ. 5’ ಎಂಬುದು ಎರಡು ಬೇರೆ ಬೇರೆ ಪುಸ್ತಕಗಳನ್ನು ಸೂಚಿಸಬಲ್ಲದು. ಸಂಕ್ಷೇಪಸೂಚಿಯಲ್ಲಿ ಹಳೆಯದನ್ನು ‘ಎ.ಕ.’ ಎಂದೂ ಹೊಸದನ್ನು ‘ಎ.ಕ.(ಪ)’ ಎಂದೂ ಬೇರ್ಪಡಿಸಿ, ಪರಿಷ್ಕೃತ ಸಂಪುಟ ಹಳೆಯ ಸಂಖ್ಯೆಯನ್ನೂ ಕೊಟ್ಟಿದ್ದರೆ ಎರಡನ್ನೂ ಬರೆಯಿರಿ. ಮುಂಬಯಿ ಕರ್ನಾಟಕದ ಶಾಸನಗಳಿಗೆ ದಕ್ಷಿಣ ಭಾರತದ ಶಾಸನಗಳ ಮಾಲೆಯನ್ನೂ ಹೈದರಾಬಾದ್ ಪ್ರದೇಶದ ಪ್ರತ್ಯೇಕ ಪ್ರಕಟಣೆಗಳನ್ನೂ ನೋಡಬೇಕಾಗುತ್ತದೆ. ಹಲ್ಮಿಡಿ ಶಾಸನದಂಥವು ಮೊದಲು ಪ್ರಕಟವಾದದ್ದು ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ. ಆ ವರದಿ 1936ರದು. ವಾರ್ಷಿಕ ವರದಿಗಳಿಗೆ ವರದಿಯ ವರ್ಷವನ್ನು ಕೊಡಬೇಕು, ಅದು ಅಚ್ಚಾಗಿ ಹೊರಬಂದ ವರ್ಷ ಬೇರೆಯಾಗಿದ್ದರೆ ಅದನ್ನು ಗ್ರಂಥಸೂಚಿಯಲ್ಲಿ ಸೇರಿಸಬೇಕು.

ಶಾಸನದ ಕಾಲವನ್ನು ಶಕವರ್ಷದಿಂದ ಕ್ರಿಸ್ತಶಕಕ್ಕೆ ತಿರುಗಿಸುವಾಗ ಸಾಮಾನ್ಯವಾಗಿ 78ನ್ನು ಕೂಡಿಸುತ್ತೇವೆ: ಶಕ 1045 ಎಂದರೆ 1123. ಆದರೆ ಶಕವರ್ಷ ಚೈತ್ರದಲ್ಲಿ ಆರಂಭವಾಗುವುದರಿಂದ, ವರ್ಷದ ಕೊನೆಯ ತಿಂಗಳುಗಳಾದ ಮಾಘ, ಫಾಲ್ಗುಣಗಳ ತಿಥಿ ಸಾಮಾನ್ಯವಾಗಿ ಮುಂದಿನ ಕ್ರಿಸ್ತವರ್ಷಕ್ಕೆ ಬೀಳುತ್ತದೆ, ಆಗ ಕೂಡಿಸಬೇಕಾದದ್ದು 79. ಶಾಸನದಲ್ಲಿರುವ ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ಇದ್ದಂತೆ ಕೊಟ್ಟು, ನಿಮ್ಮ ಲೆಕ್ಕವನ್ನು ಆವರಣದಲ್ಲಿಡುವುದು ಪ್ರಾಮಾಣಿಕ ಕ್ರಮ.

ಓಲೆಗರಿಗೆ ಸಂಗ್ರಹಾಲಯದ ಹೆಸರು, ಹಸ್ತಪ್ರತಿಯ ಕ್ರಮಾಂಕ, ಗರಿಯ ಸಂಖ್ಯೆ, ಗರಿಯ ಮುಂಬದಿ ಅಥವಾ ಹಿಂಬದಿ, ಸಾಲು ಇವು ಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ, ಮಠಗಳ ಭಂಡಾರಗಳಲ್ಲಿ ಕ್ರಮಾಂಕ ಕೊಡುವ ರೀತಿ ಒಂದೇ ಆಗಿರುವುದಿಲ್ಲ. ಅಲ್ಲಿಯ ಸೂಚಿಯಲ್ಲಿ ಹೇಗಿದೆಯೋ ಹಾಗೆಯೇ ನಕಲು ಮಾಡಬೇಕು, ನಿಮಗೆ ಅಚ್ಚುಕಟ್ಟೆನಿಸಿದಂತೆ ತಿದ್ದಬಾರದು. ಖಾಸಗಿ ಮನೆತನದಲ್ಲಿರುವ ಕಟ್ಟನ್ನು ನೋಡಿದ್ದರೆ ಊರು, ನೋಡಿದ ದಿನಾಂಕ ಮತ್ತು ಕಟ್ಟಿನ ಹೊರಲಕ್ಷಣ, ಅಂದರೆ ಗರಿಗಳ ಎಣಿಕೆ, ಆದಿ ಮತ್ತು ಅಂತ್ಯದ ವಾಕ್ಯಗಳು, ಇವನ್ನು ಟಿಪ್ಪಣಿಯಲ್ಲಿ ಕೊಡಬೇಕು.

ಐದನೆಯ ಹೆಜ್ಜೆ: ಗ್ರಂಥಸೂಚಿಯನ್ನು ಕಟ್ಟುವುದು

ಪುಸ್ತಕದ ನಮೂದಿನ ಸರಳ ರೂಪ ಹೀಗಿರಲಿ: ಲೇಖಕರ ಹೆಸರು. ವರ್ಷ. ಕೃತಿಯ ಹೆಸರು ಓರೆ ಅಕ್ಷರದಲ್ಲಿ. ಆವೃತ್ತಿ. ಊರು: ಪ್ರಕಾಶಕರು. ಸಂಪಾದಿತ ಗ್ರಂಥದೊಳಗಿನ ಲೇಖನವಾದರೆ ಲೇಖನದ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿಟ್ಟು, ಗ್ರಂಥದ ಹೆಸರನ್ನು ಓರೆಯಾಗಿಸಿ, ಸಂಪಾದಕರ ಹೆಸರನ್ನೂ ಲೇಖನದ ಮೊದಲ ಮತ್ತು ಕೊನೆಯ ಪುಟಗಳನ್ನೂ ಸೇರಿಸಬೇಕು. ಕನ್ನಡದ ಕೆಲವು ಅಕ್ಷರವಿನ್ಯಾಸಗಳಲ್ಲಿ ಓರೆ ಅಕ್ಷರ ಅಸಹ್ಯವಾಗಿ ಕಾಣುವುದರಿಂದ ಕೃತಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಕೊಟ್ಟರೂ ತಪ್ಪಿಲ್ಲ.

ಹೆಸರುಗಳಲ್ಲಿಯೇ ನಮಗೆ ನಿಜವಾದ ತೊಡಕು ಇರುವುದು. ಇಂಗ್ಲಿಷ್ ಕೈಪಿಡಿಗಳು ಕುಲನಾಮವನ್ನು ಮೊದಲು ಬರೆಯಿರಿ ಎನ್ನುತ್ತವೆ. ಬೇಂದ್ರೆ, ಕಲಬುರ್ಗಿ, ಹಳಕಟ್ಟಿ ಇವು ಮನೆತನದ ಹೆಸರುಗಳಾದ್ದರಿಂದ ‘ಬೇಂದ್ರೆ, ದ. ರಾ.’ ಎನ್ನುವುದು ಸರಿಹೋಗುತ್ತದೆ. ತೀ. ನಂ. ಶ್ರೀಕಂಠಯ್ಯ ಎಂಬಲ್ಲಿ ತೀ ಎಂದರೆ ತೀರ್ಥಪುರ, ಊರು. ನಂ ಎಂದರೆ ನಂಜುಂಡಯ್ಯ, ತಂದೆ. ಶ್ರೀಕಂಠಯ್ಯ ಅವರ ಸ್ವಂತ ಹೆಸರು. ಇಲ್ಲಿ ಕುಲನಾಮವೇ ಇಲ್ಲ. ಆದರೂ ‘ಶ್ರೀಕಂಠಯ್ಯ, ತೀ. ನಂ.’ ಎಂದು ಬರೆದರೆ ಓದುಗ ಹುಡುಕುವ ಹೆಸರೇ ಮುಂದೆ ಬರುತ್ತದೆ, ಆದ್ದರಿಂದ ಫಲಿತಾಂಶ ಸರಿಯೇ. ಕುಲನಾಮ ಯಾವುದೆಂದು ತಲೆಕೆಡಿಸಿಕೊಳ್ಳುವ ಬದಲು, ಆ ಲೇಖಕರನ್ನು ಜನ ಯಾವ ಹೆಸರಿನಿಂದ ಗುರುತಿಸುತ್ತಾರೋ ಅದನ್ನು ಮೊದಲು ಇಡುವುದು ಕನ್ನಡಕ್ಕೆ ಒಪ್ಪುವ ನಿಯಮ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನು ‘ಅಯ್ಯಂಗಾರ್’ ಎಂಬಲ್ಲಿ ಹುಡುಕುವ ಕನ್ನಡಿಗ ಯಾರೂ ಇಲ್ಲ. ಆದರೆ ನಿಮ್ಮ ಸೂಚಿಯನ್ನು ಇಂಗ್ಲಿಷಿನ ಪತ್ರಿಕೆಗೆ ಕಳುಹಿಸುವಾಗ ಅವರ ತಂತ್ರಾಂಶ ಹಾಗೆಯೇ ತಿರುಗಿಸಿಬಿಡಬಹುದು, ಕರಡು ತಿದ್ದುವಾಗ ಗಮನಿಸಬೇಕು.

ಕಾವ್ಯನಾಮದಿಂದ ಪ್ರಕಟವಾದ ಕೃತಿಯನ್ನು ಕಾವ್ಯನಾಮದ ಕೆಳಗೇ ನಮೂದಿಸಬೇಕು: ಕುವೆಂಪು, ವೈದೇಹಿ, ತ್ರಿವೇಣಿ. ಒಬ್ಬರೇ ಲೇಖಕರು ಕೆಲವು ಕೃತಿಗಳನ್ನು ಕಾವ್ಯನಾಮದಲ್ಲಿಯೂ ಕೆಲವನ್ನು ನಿಜನಾಮದಲ್ಲಿಯೂ ಪ್ರಕಟಿಸಿದ್ದರೆ ಎಲ್ಲವನ್ನೂ ಹೆಚ್ಚು ಪರಿಚಿತವಾದ ಹೆಸರಿನ ಕೆಳಗೆ ತಂದು, ಇನ್ನೊಂದು ಹೆಸರಿನಲ್ಲಿ ‘ನೋಡಿ’ ಎಂದು ಸೂಚಿಸಿದರಾಯಿತು. ಡಾ., ಪ್ರೊ., ಶ್ರೀ ಮುಂತಾದ ಗೌರವಸೂಚಕಗಳು ಸೂಚಿಯಲ್ಲಿ ಬೇಡ. ಗುರುಗಳ ಹೆಸರಿನಿಂದ ಅವನ್ನು ಕಳಚುವುದು ಅಗೌರವವೆಂದು ಭಾವಿಸುವವರುಂಟು. ಆದರೆ ಅಕಾರಾದಿಯಲ್ಲಿ ‘ಡಾ.’ ಎಂಬಲ್ಲಿಯೇ ಅರ್ಧ ಸೂಚಿ ಬಂದು ಕೂರುವುದನ್ನು ನಾನು ಕಂಡಿದ್ದೇನೆ. ಗೌರವವನ್ನು ಅರಿಕೆಯಲ್ಲಿ ಸಲ್ಲಿಸೋಣ.

ವರ್ಷದ ವಿಷಯ. ಮಲೆಗಳಲ್ಲಿ ಮದುಮಗಳು ಮೊದಲು ಪ್ರಕಟವಾದದ್ದು 1967ರಲ್ಲಿ. ನಿಮ್ಮ ಕೈಯಲ್ಲಿರುವುದು 2012ರ ಪ್ರತಿಯಾಗಿದ್ದರೆ (ಕುವೆಂಪು 1967/2012: ಪುಟ) ಎಂದು ಎರಡನ್ನೂ ಕೊಡಬೇಕು. ಬರಿಯ 2012 ಎಂದರೆ ಕಾದಂಬರಿಯ ಕಾಲವೇ ತಪ್ಪಾಗಿ ಕಾಣುತ್ತದೆ. ಬರಿಯ 1967 ಎಂದರೆ ಪುಟ ಹೊಂದುವುದಿಲ್ಲ. ಮುದ್ರಣ ಮತ್ತು ಆವೃತ್ತಿಗಳಿಗೆ ವ್ಯತ್ಯಾಸವಿದೆ: ಅದೇ ಅಚ್ಚನ್ನು ಮತ್ತೆ ಹೊಡೆದರೆ ಮುದ್ರಣ, ಪಠ್ಯವನ್ನು ತಿದ್ದಿದರೆ ಅಥವಾ ಸೇರಿಸಿದರೆ ಆವೃತ್ತಿ. ಕನ್ನಡದ ಪ್ರಕಾಶಕರು ‘ಮೂರನೆಯ ಮುದ್ರಣ’ ಎಂದು ಬರೆದಿದ್ದರೂ ಒಳಗೆ ಹೊಸ ಅಧ್ಯಾಯ ಸೇರಿರಬಹುದು. ಲೇಖಕರ ಎರಡನೆಯ ಅಥವಾ ಮೂರನೆಯ ಮುದ್ರಣದ ಮಾತುಗಳನ್ನು ಓದಿದರೆ ಇದು ಗೊತ್ತಾಗುತ್ತದೆ.

ಸಂಕ್ಷೇಪಗಳಲ್ಲಿ ಒಂದು ಬಲೆಯಿದೆ. ‘ಸಂ.’ ಎಂದರೆ ಸಂಪಾದಕ, ಸಂಪುಟ, ಸಂಚಿಕೆ ಮೂರೂ ಆಗಬಹುದು. ‘ಸಂಖ್ಯೆ’ಗೂ ಅದನ್ನೇ ಬಳಸುವವರಿದ್ದಾರೆ. ನಾಲ್ಕು ಅಕ್ಷರ ಉಳಿಸುವುದಕ್ಕಾಗಿ ಓದುಗನನ್ನು ಗೊಂದಲಕ್ಕೆ ತಳ್ಳುವುದಕ್ಕಿಂತ, ‘ಸಂ.’ ಅನ್ನು ಸಂಪಾದಕರಿಗೆ ಮಾತ್ರ ಮೀಸಲಿಟ್ಟು ಉಳಿದವನ್ನು ಪೂರ್ತಿಯಾಗಿ ಬರೆಯುವುದು ಲೇಸು.

ಸೂಚಿಯನ್ನು ಅಕಾರಾದಿಯಾಗಿ ಜೋಡಿಸುವಾಗ ಕಂಪ್ಯೂಟರನ್ನು ಕುರುಡಾಗಿ ನಂಬಬೇಡಿ. ನಮ್ಮ ವರ್ಣಮಾಲೆಯಲ್ಲಿ ಳ ಅಕ್ಷರ ಹ ಆದ ಮೇಲೆ ಬರುತ್ತದೆ; ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು ಲ ಆದ ಕೂಡಲೇ, ವ ಅಕ್ಷರಕ್ಕೆ ಮೊದಲು ಬರುತ್ತದೆ. ಆ ಸಂಕೇತಗಳ ಕ್ರಮವನ್ನೇ ಹಿಡಿಯುವ ತಂತ್ರಾಂಶ ‘ಬಳಿಗಾರ’ವನ್ನು ‘ಬಸವರಾಜ’ಕ್ಕಿಂತ ಮೊದಲು ಇಡುತ್ತದೆ, ನಮ್ಮ ಕ್ರಮದಲ್ಲಿ ಅದು ಆಮೇಲೆ ಬರಬೇಕು. ಕ್ಷ, ಜ್ಞಗಳನ್ನು ಕೊನೆಗೆ ಒಯ್ಯದೆ ಕ ಮತ್ತು ಜಗಳ ಒಳಗೇ ಇರಿಸಬೇಕು. ಇಂಗ್ಲಿಷ್ ಕೃತಿಗಳನ್ನು ಬರಹದೊಳಗೆ ಕನ್ನಡ ಲಿಪಿಯಲ್ಲಿ ಹೆಸರಿಸಿದರೂ ಗ್ರಂಥಸೂಚಿಯಲ್ಲಿ ಪ್ರತ್ಯೇಕ ವಿಭಾಗ ಮಾಡಿ ಅವುಗಳ ಮೂಲ ಲಿಪಿಯಲ್ಲಿಯೇ ಕೊಡಬೇಕು, ಇಲ್ಲವಾದರೆ ಗ್ರಂಥಾಲಯದ ಸೂಚಿಯಲ್ಲಿ ಹುಡುಕಲು ಆಗುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ, ಇಂಗ್ಲಿಷಿನಲ್ಲಿ ಬರೆಯುತ್ತ ಕನ್ನಡ ಕೃತಿಗಳನ್ನು ಉಲ್ಲೇಖಿಸುವ, ಹೊರನಾಡಿನಲ್ಲಿ ಓದುತ್ತಿರುವ ಕನ್ನಡಿಗರು 2001ರ ಐಎಸ್‌ಒ 15919 ಲಿಪ್ಯಂತರ ಕ್ರಮವನ್ನು ಬಳಸಬಹುದು. ಎ ಮತ್ತು ಏ, ಒ ಮತ್ತು ಓಗಳ ವ್ಯತ್ಯಾಸ ಅದರಲ್ಲಿ ಉಳಿಯುತ್ತದೆ.

ಆರನೆಯ ಹೆಜ್ಜೆ: ಪತ್ರಿಕೆ, ಜಾಲತಾಣ, ವಕ್ತೃಗಳು

ಸಂಶೋಧನ ಪತ್ರಿಕೆಗೆ ಸಂಪುಟ, ಸಂಚಿಕೆ, ವರ್ಷ, ಪುಟಗಳು; ದಿನಪತ್ರಿಕೆಗೆ ದಿನಾಂಕ, ಪುಟ ಮತ್ತು ಸಾಧ್ಯವಾದರೆ ಯಾವ ಊರಿನ ಆವೃತ್ತಿ ಎಂಬುದು, ಏಕೆಂದರೆ ಕಲಬುರಗಿಯ ಪ್ರತಿಯಲ್ಲಿ ಬಂದ ಸುದ್ದಿ ಮಂಗಳೂರಿನ ಪ್ರತಿಯಲ್ಲಿ ಇರಲಾರದು. ಲೇಖನಕ್ಕೆ ಡಿಒಐ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಶಾಶ್ವತ ಸಂಖ್ಯೆ, ಇದ್ದರೆ ಅದನ್ನು ಕೊಡುವುದು ಜಾಲದ ವಿಳಾಸಕ್ಕಿಂತ ಬಾಳಿಕೆಯದು.

ಅಂತರಜಾಲದಲ್ಲಿ ಸ್ಕ್ಯಾನ್ ರೂಪದಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳು ದೊಡ್ಡ ವರ. ಆದರೆ ಅವುಗಳ ಕಡತದ ಹೆಸರಿನಲ್ಲಿರುವ ಲೇಖಕ, ವರ್ಷಗಳು ಎಷ್ಟೋ ಸಲ ತಪ್ಪಾಗಿರುತ್ತವೆ. ಸ್ಕ್ಯಾನಿನೊಳಗಿನ ಶೀರ್ಷಿಕೆ ಪುಟವೇ ಪ್ರಮಾಣ. ಜಾಲಪುಟಗಳಿಗೆ ಲೇಖಕರು, ಶೀರ್ಷಿಕೆ, ತಾಣದ ಹೆಸರು, ಪ್ರಕಟಣೆಯ ದಿನಾಂಕ, ವಿಳಾಸ ಮತ್ತು ನೀವು ನೋಡಿದ ದಿನಾಂಕ ಬೇಕು. ಮುಖ್ಯವಾದ ಪುಟವನ್ನು ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ ಆ ವಿಳಾಸವನ್ನೂ ಕೊಟ್ಟರೆ, ತಾಣ ಮುಚ್ಚಿಹೋದರೂ ನಿಮ್ಮ ಆಧಾರ ಉಳಿಯುತ್ತದೆ.

ಜಾನಪದ ಮತ್ತು ಮೌಖಿಕ ಇತಿಹಾಸದಲ್ಲಿ ಹಾಡಿದವರು, ಹೇಳಿದವರೇ ಆಕರ. ವಕ್ತೃವಿನ ಹೆಸರು, ವಯಸ್ಸು, ಊರು, ಸಂಗ್ರಹಿಸಿದ ದಿನಾಂಕ, ಧ್ವನಿಮುದ್ರಣ ಎಲ್ಲಿದೆ ಎಂಬುದನ್ನು ಕೊಡಬೇಕು, ಆದರೆ ಅವರ ಒಪ್ಪಿಗೆ ಪಡೆದ ಮೇಲೆ ಮಾತ್ರ. ಒಪ್ಪಿಗೆ ಇಲ್ಲದಿದ್ದರೆ ಅಥವಾ ಹೇಳಿದ ವಿಷಯ ಅವರಿಗೆ ತೊಂದರೆ ತರುವಂಥದ್ದಾದರೆ ಸಂಕೇತನಾಮ ಬಳಸಿ, ಹಾಗೆ ಬಳಸಿದ್ದನ್ನು ಟಿಪ್ಪಣಿಯಲ್ಲಿ ತಿಳಿಸಬೇಕು. ಹತ್ತು ಸಾಲಿನ ಲೇಖನ ಬರೆದವರಿಗೆ ಪೂರ್ಣ ನಮೂದು ಕೊಟ್ಟು, ಇಡೀ ರಾತ್ರಿ ಕಾವ್ಯ ಹಾಡಿದ ತಾಯಿಯನ್ನು ‘ಒಬ್ಬ ವಕ್ತೃ’ ಎಂದು ಮುಗಿಸುವುದು ನ್ಯಾಯವಲ್ಲ.

ಏಳನೆಯ ಹೆಜ್ಜೆ: ಉದ್ಧರಣೆಯ ಅಳತೆ ಮತ್ತು ಸಾಮ್ಯ ಪರೀಕ್ಷೆ

ಮೂರು ಸಾಲಿಗಿಂತ ಹೆಚ್ಚಿನ ಉದ್ಧರಣೆಯನ್ನು ಚಿಹ್ನೆಯಿಲ್ಲದೆ ಪ್ರತ್ಯೇಕ ಪ್ಯಾರಾ ಮಾಡಿ ಒಳಸರಿಸಬೇಕು. ನಡುವೆ ಬಿಟ್ಟ ಮಾತಿಗೆ ಮೂರು ಚುಕ್ಕಿ, ನೀವು ಸೇರಿಸಿದ ಮಾತಿಗೆ ಚೌಕಾವರಣ. ಇಂಗ್ಲಿಷ್ ಕೃತಿಯ ಮಾತನ್ನು ನೀವೇ ಕನ್ನಡಕ್ಕೆ ತಂದಿದ್ದರೆ ‘ಅನುವಾದ ನನ್ನದು’ ಎನ್ನಬೇಕು. ಇನ್ನೊಬ್ಬರ ಮಾತಿನ ಪದಗಳನ್ನು ಅಲ್ಲಲ್ಲಿ ಬದಲಿಸಿ ವಾಕ್ಯದ ಮೈಕಟ್ಟನ್ನು ಹಾಗೆಯೇ ಉಳಿಸಿಕೊಂಡರೆ ಅದು ಸಾರವಲ್ಲ. ಪುಸ್ತಕ ಮುಚ್ಚಿಟ್ಟು, ನೆನಪಿನಿಂದ ನಿಮ್ಮ ವಾಕ್ಯದಲ್ಲಿ ಬರೆದು, ಆಮೇಲೆ ಮೂಲದೊಂದಿಗೆ ಹೋಲಿಸಿ ನೋಡುವುದು ನನಗೆ ತಿಳಿದಿರುವ ಒಳ್ಳೆಯ ದಾರಿ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಪ್ರಬಂಧಕ್ಕೂ ಬೇರೆ ಬರಹಗಳಿಗೂ ಇರುವ ಸಾಮ್ಯ 10 ಪ್ರತಿಶತದವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷದವರೆಗೆ ತಿದ್ದಿದ ಪ್ರಬಂಧವನ್ನು ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ಸೂಚಿಸಿದ ಉದ್ಧರಣೆಗಳು, ಗ್ರಂಥಸೂಚಿ, ಪರಿವಿಡಿ, ಅರಿಕೆ ಮುಂತಾದವನ್ನು ಈ ಲೆಕ್ಕದಿಂದ ಹೊರಗಿಡಬೇಕೆಂದೂ, ಸಾಮಾನ್ಯ ಜ್ಞಾನದ ಅಥವಾ ಆಕಸ್ಮಿಕವಾಗಿ ಹೊಂದುವ ಮಾತು ಸತತ ಹದಿನಾಲ್ಕು ಪದಗಳವರೆಗೆ ಇದ್ದರೆ ಅದನ್ನೂ ಬಿಡಬೇಕೆಂದೂ ಅದೇ ನಿಯಮಗಳು ಹೇಳುತ್ತವೆ. ಈ ಅಂಕಿಗಳನ್ನು ಕೃತಿಚೌರ್ಯದ ಪರವಾನಗಿಯೆಂದು ಓದಬಾರದು. ಆಕರ ಹೇಳದೆ ಎತ್ತಿಕೊಂಡ ಒಂದು ಪ್ಯಾರಾ, ಒಟ್ಟು ಸಾಮ್ಯ ಎರಡೇ ಪ್ರತಿಶತವಿದ್ದರೂ, ಕದ್ದದ್ದೇ. ‘ನುಡಿ’, ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪ್ರಬಂಧವನ್ನು ಪರೀಕ್ಷಾ ತಂತ್ರಾಂಶ ಕನ್ನಡವೆಂದು ಗುರುತಿಸುವುದಿಲ್ಲ, ಆದ್ದರಿಂದ ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆಯಬೇಕು. ಜೊಟೆರೊದಂಥ ಉಚಿತ ಉಲ್ಲೇಖ ತಂತ್ರಾಂಶಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವು ನಮೂದುಗಳನ್ನು ಕಾಪಿಟ್ಟು, ಪದ್ಧತಿ ಬದಲಾದಾಗ ಎಲ್ಲವನ್ನೂ ಒಮ್ಮೆಗೇ ಹೊಸ ರೂಪಕ್ಕೆ ತರುತ್ತವೆ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಗ್ರಂಥಸೂಚಿ ಕೇಳಿ ಪಡೆಯುವುದು ಮಾತ್ರ ಬೇಡ. ಇಲ್ಲದ ಪುಸ್ತಕವನ್ನು, ಇರುವ ಲೇಖಕರ ಹೆಸರಿನಲ್ಲಿ, ನಂಬುವಂಥ ವರ್ಷ ಮತ್ತು ಪುಟಗಳೊಂದಿಗೆ ಅವು ಕಟ್ಟಿಕೊಡಬಲ್ಲವು.

ಸಲ್ಲಿಸುವ ಮುನ್ನ

ಎರಡು ದಿನ ಬೇರೆ ಕೆಲಸವಿಟ್ಟುಕೊಳ್ಳದೆ ಕುಳಿತು, ಬರಹದಲ್ಲಿರುವ ಪ್ರತಿ ಗುರುತಿಗೂ ಗ್ರಂಥಸೂಚಿಯಲ್ಲಿ ನಮೂದು ಇದೆಯೇ, ಗ್ರಂಥಸೂಚಿಯ ಪ್ರತಿ ನಮೂದೂ ಬರಹದಲ್ಲಿ ಒಮ್ಮೆಯಾದರೂ ಬಂದಿದೆಯೇ ಎಂದು ಎರಡೂ ಕಡೆಯಿಂದ ತಾಳೆ ನೋಡಬೇಕು. ಓದಿದ್ದರೂ ಬರಹದಲ್ಲಿ ಬಳಸದ ಪುಸ್ತಕಗಳನ್ನು ಸೇರಿಸಲೇಬೇಕೆಂದಿದ್ದರೆ ‘ಹೆಚ್ಚಿನ ಓದಿಗೆ’ ಎಂಬ ಬೇರೆ ಪಟ್ಟಿ ಮಾಡಿ. ಆಮೇಲೆ ಐದು ಉಲ್ಲೇಖಗಳನ್ನು ಕಣ್ಣುಮುಚ್ಚಿ ಆರಿಸಿ, ನಿಮ್ಮ ವಿಷಯದ ಪರಿಚಯವಿಲ್ಲದ ಗೆಳೆಯರೊಬ್ಬರ ಕೈಗೆ ಕೊಟ್ಟು, ಗ್ರಂಥಾಲಯಕ್ಕೆ ಹೋಗಿ ಆ ಐದು ಸಾಲುಗಳನ್ನು ಹುಡುಕಿ ತರಲು ಹೇಳಿ. ಅವರು ನಿಮಗೆ ಫೋನ್ ಮಾಡಿ ‘ಇದು ಯಾವ ಆವೃತ್ತಿ?’ ಎಂದು ಕೇಳಿದರೆ, ಆ ನಮೂದಿನಲ್ಲಿ ಇನ್ನೂ ಕೆಲಸ ಬಾಕಿಯಿದೆ.